ಓದು ನಿಂತುಹೋಗಿದೆಯೇ? ಹೀಗೆ ಮತ್ತೆ ಶುರುಮಾಡಿ

ಒಂದು ಕಾಲಕ್ಕೆ ರಾತ್ರಿಯೆಲ್ಲ ಕಾದಂಬರಿ ಓದುತ್ತಿದ್ದವರಿಗೂ ಒಮ್ಮೊಮ್ಮೆ ಓದು ನಿಂತುಹೋಗುತ್ತದೆ. ಪುಸ್ತಕ ಕೊಳ್ಳುವುದೇನೂ ನಿಂತಿರುವುದಿಲ್ಲ. ಕೈಗೆತ್ತಿಕೊಂಡರೆ ಮಾತ್ರ ಅದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ಆಗ ಬಹಳ ಜನ ಓದಲೇಬೇಕಾದ ದೊಡ್ಡ ಕೃತಿಯೊಂದನ್ನು ಹಟ ಹಿಡಿದು ಶುರುಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಓದು ಬಿಟ್ಟುಹೋದವರಿಗೆ ಮೊದಲು ಬೇಕಾದದ್ದು ತಾನಾಗಿ ಎಳೆದುಕೊಂಡು ಹೋಗುವ ಪುಸ್ತಕ. ಘನತೆಯ ಮಾತು ಆಮೇಲೆ.

ಮೊದಲು ಕಣ್ಣು ತೋರಿಸಿ

ನಲವತ್ತು ದಾಟಿದವರಿಗೆ ಇದೇ ಮೊದಲ ಹೆಜ್ಜೆ. ಆ ವಯಸ್ಸಿನ ಸುಮಾರಿಗೆ ಹತ್ತಿರದ ದೃಷ್ಟಿ ಮಂದವಾಗತೊಡಗುವುದು ಸಹಜ. ಹಳೆಯ ಮುದ್ರಣಗಳಲ್ಲಿ ಅಕ್ಷರವೇ ಸಣ್ಣದು, ಒತ್ತಕ್ಷರ ಇನ್ನೂ ಸಣ್ಣದು. ಮಂದ ಬೆಳಕಿನಲ್ಲಿ ‘ಷ್ಟ’ ಯಾವುದು, ‘ಷ್ಠ’ ಯಾವುದು ಗೊತ್ತಾಗುವುದಿಲ್ಲ. ಓದಲು ಕೂತ ಹತ್ತು ನಿಮಿಷಕ್ಕೆ ತಲೆ ನೋಯುತ್ತಿದ್ದರೆ ಆಸಕ್ತಿ ಸತ್ತಿದೆ ಎಂದುಕೊಳ್ಳಬೇಡಿ. ಕನ್ನಡಕ ಬೇಕಾಗಿರಬಹುದು.

ಭಾರದ ಪುಸ್ತಕ ಪಕ್ಕಕ್ಕಿಡಿ

ಮೇಜಿನ ಮೇಲೆ ಅರ್ಧಕ್ಕೆ ನಿಂತಿರುವ ಪುಸ್ತಕವನ್ನು ಕಪಾಟಿಗೆ ಸೇರಿಸಿ. ‘ಮಲೆಗಳಲ್ಲಿ ಮದುಮಗಳು’ ಕನ್ನಡದ ಮಹಾ ಕಾದಂಬರಿ. ಆದರೆ ಅದರ ಜನಸಂದಣಿಯೊಳಗೆ ಹೊಕ್ಕು ದಾರಿ ಮಾಡಿಕೊಳ್ಳಲು ಓದಿನ ರೂಢಿ ಬೇಕು. ‘ಕುಸುಮಬಾಲೆ’ಯ ಆಡುನುಡಿಗೆ ಕಿವಿ ಹೊಂದಿಕೊಳ್ಳಲು ಸಮಯ ಬೇಕು. ಅವು ಎಲ್ಲಿಗೂ ಹೋಗುವುದಿಲ್ಲ.

ಮೊದಲ ಪುಸ್ತಕ: ‘ಕರ್ವಾಲೊ’

ಯಾವುದರಿಂದ ಶುರುಮಾಡಲಿ ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಈ ಪುಟ್ಟ ಕಾದಂಬರಿ ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುವಾಗಿ, ಹಾರುವ ಓತಿಯನ್ನು ಹುಡುಕಿ ಪಶ್ಚಿಮಘಟ್ಟದ ಕಾಡಿನೊಳಗೆ ಹೋಗುತ್ತದೆ. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ಸಂಶೋಧಕನನ್ನು ಕಾಣುತ್ತಾರೆ. ಆ ಮಂದಣ್ಣನಿಗೋ ಒಂದು ನೌಕರಿ, ಒಂದು ಮದುವೆ ಆದರೆ ಸಾಕು. ಎಂಗ್ಟ, ಬಿರ್ಯಾನಿ ಕರಿಯಪ್ಪ, ನಾಯಿ ಕಿವಿ ಎಲ್ಲರೂ ಸೇರಿಕೊಂಡು ನಗಿಸುತ್ತ ನಗಿಸುತ್ತಲೇ ಓದುಗನನ್ನು ಜೀವವಿಕಾಸದಂಥ ದೊಡ್ಡ ಪ್ರಶ್ನೆಯ ಮುಂದೆ ನಿಲ್ಲಿಸುತ್ತಾರೆ. ವಾಕ್ಯಗಳು ಸರಳ, ಮಾತುಕತೆ ಹೆಚ್ಚು. ಪುಟ ತಾನಾಗಿ ತಿರುಗುತ್ತದೆ. ಹಿಂದೆ ಓದಿದ್ದರೂ ಪರವಾಗಿಲ್ಲ, ಮತ್ತೆ ಓದಿ. ಗೊತ್ತಿರುವ ಕಥೆಯಲ್ಲಿ ಮನಸ್ಸು ಬೇಗ ನೆಲೆಗೊಳ್ಳುತ್ತದೆ.

ಎರಡನೆಯದು ನಿಮ್ಮ ಮನಃಸ್ಥಿತಿಗೆ ತಕ್ಕಂತೆ

ಕುತೂಹಲವೇ ಬೇಕೆನ್ನುವವರು ತೇಜಸ್ವಿಯವರದೇ ‘ಜುಗಾರಿ ಕ್ರಾಸ್’ ಹಿಡಿಯಿರಿ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ದಂಪತಿ ಒಂದೇ ದಿನದೊಳಗೆ ಎಂಥ ಜಾಲದಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂಬುದನ್ನು ರಾತ್ರಿ ಓದಲು ಶುರುಮಾಡಿದರೆ ನಿದ್ದೆ ಕೆಡುವುದು ಖಂಡಿತ. ಕಾಡು, ಬೇಟೆ ಇಷ್ಟವಾದರೆ ಕೆನೆತ್ ಆಂಡರ್ಸನ್ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಇವೆ.

ಪುರುಸೊತ್ತಿಲ್ಲ ಎನ್ನುವವರಿಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದೆರಡು ಸಲ ಕೂತರೆ ಮುಗಿಯುತ್ತದೆ. ಇರುವೆ ಕಾಟದ ಸಣ್ಣ ಮನೆಯಲ್ಲಿ ಒಟ್ಟಾಗಿದ್ದ ಕುಟುಂಬಕ್ಕೆ ಮಸಾಲೆ ವ್ಯಾಪಾರದಿಂದ ಹಣ ಬಂದಮೇಲೆ ಏನಾಯಿತು ಎಂಬುದನ್ನು ಏರುದನಿಯಿಲ್ಲದೆ ಹೇಳುತ್ತಲೇ ಬೆಚ್ಚಿಬೀಳಿಸುತ್ತದೆ.

ಮನಸ್ಸು ದಣಿದಿದೆಯೇ? ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ಓದಿ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯನವರ ಮನೆ ಸೇರುತ್ತಾನೆ. ಮುಂದಿನದೆಲ್ಲ ಆ ವೃದ್ಧ ದಂಪತಿಯ ಉಪಚಾರ, ತೋಟ, ಬೆಟ್ಟ, ಮನೆ ಬಿಟ್ಟುಹೋದ ಮಗನ ಕೊರಗು. ಕಥೆಯ ಓಟಕ್ಕಿಂತ ಆ ಮನೆಯಲ್ಲಿ ಉಳಿದುಕೊಂಡ ಸುಖವೇ ಇಲ್ಲಿ ದೊಡ್ಡದು. ಕಾದಂಬರಿಯೇ ಬೇಡವೆನಿಸಿದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದೆ. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಸಸ್ಯವಿಜ್ಞಾನಿಯ ಈ ಪುಸ್ತಕವನ್ನು ಎಲ್ಲಿ ತೆರೆದರೂ ಓದಬಹುದು.

ಓದುವ ಹೊತ್ತಿನ ನಿಯಮ

ಮೊಬೈಲು ಬೇರೆ ಕೋಣೆಯಲ್ಲಿರಲಿ. ಸದ್ದು ನಿಲ್ಲಿಸಿ ಪಕ್ಕದಲ್ಲಿಟ್ಟುಕೊಂಡರೆ ಕೈ ಅತ್ತಲೇ ಹೋಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮಲಗುವ ಮುಂಚೆ ಕಣ್ಣೆಳೆಯುವವರು ಬೆಳಗಿನ ಕಾಫಿಯ ಹೊತ್ತಿಗೆ ಓದಿ. ಮನಸ್ಸು ನಿಲ್ಲದಿದ್ದರೆ ಮೊದಲ ಎರಡು ಪುಟ ಗಟ್ಟಿಯಾಗಿ ಓದಿ. ತೇಜಸ್ವಿಯವರ ಸಂಭಾಷಣೆಗೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ನಲವತ್ತು ಪುಟವಾದರೂ ಹಿಡಿಯದ ಪುಸ್ತಕವನ್ನು, ಎಂಥ ಪ್ರಶಸ್ತಿ ಬಂದದ್ದಾದರೂ, ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.

ಒಂದು ಪುಸ್ತಕ ಮುಗಿಯುವ ಮೊದಲೇ ಮುಂದಿನದು ಮನೆಯಲ್ಲಿರಬೇಕು. ಎಷ್ಟೋ ಸಲ ಓದು ತಪ್ಪುವುದು ಆ ನಡುವಿನ ವಾರದಲ್ಲೇ.

ಆಮೇಲೆ ದೊಡ್ಡದು

ಎರಡು ಮೂರು ಪುಸ್ತಕ ಮುಗಿದಮೇಲೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ತೆಗೆದುಕೊಳ್ಳಿ. ಲಿಸ್ಬನ್, ಗೋವಾ, ವಿಜಯನಗರಗಳ ನಡುವೆ ಹರಡಿಕೊಂಡ ಕಥೆ. ಗಾತ್ರ ದೊಡ್ಡದಾದರೂ ಓಟ ನಿಲ್ಲುವುದಿಲ್ಲ. ಪಾತ್ರಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಪುಟದ ಗುರುತಾಗಿ ಇಟ್ಟುಕೊಂಡರೆ ಗೊಂದಲವಾಗದು.

ಇಷ್ಟನ್ನೆಲ್ಲ ಕೊಳ್ಳಬೇಕೆಂದೇನಿಲ್ಲ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ. ಕಾರಂತ, ತೇಜಸ್ವಿಯವರ ಪುಸ್ತಕಗಳು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಹಿಂತಿರುಗಿಸುವ ದಿನಾಂಕ ತಲೆಯಲ್ಲಿದ್ದರೆ ಓದು ಬೇಗ ಸಾಗುತ್ತದೆ. ಸದಸ್ಯತ್ವ ಇಲ್ಲದಿದ್ದರೆ ಈ ವಾರವೇ ಮಾಡಿಸಿಕೊಳ್ಳಿ.