ಸಿಸೇರಿಯನ್ ನಂತರದ ಬಾಣಂತನ: ಎಚ್‌ಐವಿ ಸೋಂಕಿರುವ ತಾಯಂದಿರ ಆರೈಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಹೆರಿಗೆಯಾದ ಮಗಳಿಗೆ ತವರಿನಲ್ಲಿ ಬಾಣಂತನ ಮಾಡುವುದು ರೂಢಿ. ಆಕೆಗೆ ಎಚ್‌ಐವಿ ಸೋಂಕಿದ್ದು ಸಿಸೇರಿಯನ್ ಆಗಿದ್ದರೆ, ಆಸ್ಪತ್ರೆಯ ದಿನಗಳಿಗಿಂತ ತವರಿನ ಈ ದಿನಗಳೇ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ.

ಸೋಂಕಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಮಾಡುವುದಿಲ್ಲ. ಬೇರೆ ಹೆರಿಗೆ ತೊಡಕಿದ್ದರೆ ಮಾತ್ರ ಮಾಡುತ್ತಾರೆ. ಮಗುವನ್ನು ಕಾಯುವುದು ಮುಖ್ಯವಾಗಿ ಎಆರ್‌ಟಿ ಮಾತ್ರೆ. ಚಿಕಿತ್ಸೆಯೇ ಇಲ್ಲದಿದ್ದರೆ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ.

ಹೊರಗಿನ ಹೊಲಿಗೆ ಹತ್ತು ದಿನಗಳಲ್ಲಿ ಕೂಡಿಕೊಂಡರೂ ಒಳಗಿನ ಗಾಯ ಮಾಯಲು ಸುಮಾರು 6 ವಾರ ಬೇಕು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ರಕ್ತ ಕಡಿಮೆ ಇರುವವರಲ್ಲಿ ಗಾಯ ಕೀವಾಗುವುದು, ಗರ್ಭಕೋಶಕ್ಕೆ ಸೋಂಕು ತಗಲುವುದು ಹೆಚ್ಚು. 100.4 ಡಿಗ್ರಿ ಮೀರಿದ ಜ್ವರ, ದುರ್ವಾಸನೆಯ ಸ್ರಾವ, ಹೊಲಿಗೆ ಬಿಚ್ಚುವುದು, ಅತಿಯಾದ ರಕ್ತಸ್ರಾವ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು-ನೋವು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಬೇಕು. "ಬಾಣಂತಿಗೆ ಹಾಲಿನ ಜ್ವರ" ಎಂದು ಕಾಯುತ್ತ ಕೂರಬಾರದು. ಹಿರಿಯರ ಅಕ್ಕರೆ ದೊಡ್ಡದು, ಅಳ್ವಿ ಪಾಯಸ, ಅಂಟಿನ ಉಂಡಿ ಧಾರಾಳವಾಗಿ ಕೊಡಲಿ. ಆದರೆ ನೀರು ಕಡಿಮೆ ಕೊಡುವುದು, ಹೊಲಿಗೆಗೆ ಎಣ್ಣೆ-ಅರಿಶಿನ ಹಚ್ಚುವುದು ಬೇಡ.

ನಿಜವಾದ ತೊಡಕು ಮಾತ್ರೆಯದು. ಬಂಧುಗಳ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತ ಮುಚ್ಚಿಡುತ್ತ ನುಂಗುವುದೇ ತಪ್ಪುತ್ತದೆ. ಆಗ ವೈರಾಣು ಏರಿ ತಾಯಿಯೂ ಸೊರಗುತ್ತಾಳೆ, ಎದೆಹಾಲಿನ ಮೂಲಕ ಮಗುವಿಗೂ ಅಪಾಯ. ಆದ್ದರಿಂದ ಆರೈಕೆ ಮಾಡುವವರಲ್ಲಿ ಆಕೆ ನಂಬಿದ ಒಬ್ಬರಿಗಾದರೂ ವಿಷಯ ತಿಳಿದಿರುವುದು ಒಳಿತು. ಅವರು ಅದನ್ನು ಇನ್ನೊಬ್ಬರಿಗೆ ಹೇಳಕೂಡದು. ಒಟ್ಟಿಗೆ ಉಣ್ಣುವುದರಿಂದ, ಎರೆಯುವುದರಿಂದ ಸೋಂಕು ಹರಡದು. ರಕ್ತದ ಬಟ್ಟೆ ಮುಟ್ಟುವಾಗ ಕೈಗವಸು ಸಾಕು.

ಇನ್ನೊಂದು ಸಣ್ಣ ಮಾತು, ಬಹಳ ಜನ ಗಮನಿಸದ್ದು. ಈಗಿನ ಎಆರ್‌ಟಿ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಔಷಧವು ಬರಿಹೊಟ್ಟೆಯಲ್ಲಿ ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆಯೊಡನೆ ಸೇರಿದರೆ ಮೈಗೆ ಸರಿಯಾಗಿ ಹತ್ತದು. ಎಆರ್‌ಟಿ ಮಾತ್ರೆ ನುಂಗಿ 2 ತಾಸಿನ ಬಳಿಕ ಇವನ್ನು ಕೊಡಬಹುದು. ಒಟ್ಟಿಗೆ ಕೊಡುವುದಾದರೆ ಊಟದೊಡನೆ ಕೊಡಬೇಕು.

ಮಗುವಿಗೆ 6 ತಿಂಗಳು ಎದೆಹಾಲೊಂದೇ ಸಾಕು. ಜೇನು, ಬಜೆ, ಗುಟ್ಟಿ ಬೇಡ. ವೈದ್ಯರು ಕೊಟ್ಟ ನೆವಿರಾಪಿನ್ ಹನಿಯನ್ನು ಹೇಳಿದಷ್ಟು ದಿನ ತಪ್ಪದೆ ಹಾಕಿ, 6ನೆಯ ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ತವರು ಸೊಲ್ಲಾಪುರದ ಕಡೆಯಿದ್ದರೆ, ಹೊರಡುವ ಮುನ್ನವೇ ತಮ್ಮ ಎಆರ್‌ಟಿ ಕೇಂದ್ರದಲ್ಲಿ ಹೇಳಿ ಅಷ್ಟು ದಿನಕ್ಕಾಗುವ ಮಾತ್ರೆ ಪಡೆದುಕೊಳ್ಳಬೇಕು. ಸಂದೇಹವಿದ್ದರೆ 1097ಕ್ಕೆ ಉಚಿತವಾಗಿ ಕರೆಮಾಡಬಹುದು.