ಕಪ್ಪಾದ ಪಾತ್ರೆ, ತಪ್ಪಾದ ಉತ್ತರ

ಎಂಟನೇ ತರಗತಿಗೆ ‘ಲೋಹಗಳು ಮತ್ತು ಅಲೋಹಗಳು’ ಪಾಠ. ದೋಣಿಯ ತಳಕ್ಕೆ ಅಲ್ಯೂಮಿನಿಯಂ ಏಕೆ ಎಂದು ಕೇಳಿ, ಆಕ್ಸೈಡ್ ಪದರ ಅದನ್ನು ಕಾಯುತ್ತದೆ, ಏನು ಹಾಕಿ ತೊಳೆದರೂ ಕೆಡದು ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು: “ಮಿಸ್, ವಾಷಿಂಗ್ ಸೋಡಾ ಹಾಕಿ ಕುದಿಸಿದ್ದಕ್ಕೆ ಅಮ್ಮನ ಪಾತ್ರೆ ಕಪ್ಪಾಯ್ತಲ್ಲ?” ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. “ಆಮೇಲೆ ನೋಡೋಣ” ಎಂದು ಕೂರಿಸಿದೆ. ವೀಕ್ಷಕರು ಆ ಮಾತಿನ ಕೆಳಗೇ ಗೆರೆ ಎಳೆದಿದ್ದರು.

ಮರುದಿನ ಅಲ್ಯೂಮಿನಿಯಂ ಹಾಳೆಯ ತುಂಡನ್ನು ಬಿಸಿ ಸೋಡಾ ನೀರಿಗೆ ಹಾಕಿದೆ. ಗುಳ್ಳೆಗಳೆದ್ದವು, ಕ್ಷಾರವು ಪದರವನ್ನು ಕರಗಿಸಿ ಲೋಹವನ್ನು ಮುಟ್ಟಿದಾಗ ಹೈಡ್ರೋಜನ್ ಹೊರಬರುತ್ತದೆ. ಹುಡುಗಿ ತಂದ ಪಾತ್ರೆಯಲ್ಲಿ ಹುಣಸೆ ನೀರು ಕುದಿಸಿದೆವು. ಕಪ್ಪು ಬಿಟ್ಟಿತು. ಹುಳಿಯೂ ಪದರವನ್ನು ಕರಗಿಸುವುದರಿಂದಲೇ ದೋಣಿಯ ತಳವನ್ನೂ ಸೌಮ್ಯ ಆಮ್ಲದಿಂದ ಉಜ್ಜಿ, ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಇದನ್ನು ತರಗತಿಗೆ ವಿವರಿಸಿದ್ದು ಅವಳೇ.