ವಿಮಾನದ ಸದ್ದು ಮತ್ತು ಸಂಸಾರದ ಆರೋಗ್ಯ

ಕಣ್ಣಿಗೆ ರೆಪ್ಪೆಯಿದೆ, ಬೇಡವಾದುದನ್ನು ನೋಡದಂತೆ ಮುಚ್ಚಿಕೊಳ್ಳಬಹುದು. ಕಿವಿಗೆ ರೆಪ್ಪೆಯಿಲ್ಲ. ನಾವು ಗಾಢವಾಗಿ ನಿದ್ರಿಸುತ್ತಿರುವಾಗಲೂ ಅದು ತೆರೆದೇ ಇರುತ್ತದೆ. ಆದುದರಿಂದಲೇ ರಾತ್ರಿಯ ಸದ್ದು ಹಗಲಿನ ಸದ್ದಿಗಿಂತ ಹೆಚ್ಚು ಕೆಡುಕನ್ನುಂಟುಮಾಡುತ್ತದೆ.

ದೇವನಹಳ್ಳಿಯ ಸುತ್ತಲಿನ ಹಳ್ಳಿಗಳಲ್ಲಿ ಸಂಸಾರ ಹೂಡಿರುವ ದಂಪತಿಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ಚಕ್ಕೋತ ಬೆಳೆಯುವ ಈ ಸೀಮೆಯಲ್ಲಿ 2008ರ ಮೇ 24ರಿಂದ ವಿಮಾನಗಳು ಏರಿಳಿಯುತ್ತಿವೆ. ಆರಂಭದಲ್ಲಿ ಇದ್ದುದು ಒಂದೇ ರನ್‌ವೇ. 2013ರಲ್ಲಿ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರನ್ನಿಡಲಾಯಿತು. 2019ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂದಿತು. 2022ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. ನಿಲ್ದಾಣ ಬೆಳೆದಂತೆ ಕೆಲವರ ಮನೆಗೆ ಉದ್ಯೋಗ ಬಂದಿತು, ಊರಿಗೆ ರಸ್ತೆ ಬಂದಿತು, ನೆಲದ ಬೆಲೆ ಏರಿತು. ಅದರೊಡನೆ ಸದ್ದೂ ಬಂದಿತು. ಈ ಸದ್ದಿನ ನಡುವೆ ಗಂಡ ಹೆಂಡತಿ ಇಬ್ಬರೂ ಕೂಡಿ ತಮ್ಮ ಮತ್ತು ಮಕ್ಕಳ ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬಹುದೆಂಬುದೇ ಈ ಪಾಠದ ವಿಷಯ.

ಸದ್ದು ಎಲ್ಲಿಂದ, ಯಾವಾಗ?

ಮೊದಲು ಸದ್ದಿನ ಸ್ವಭಾವವನ್ನು ತಿಳಿಯೋಣ. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ದೇವನಹಳ್ಳಿಯ ಎರಡು ರನ್‌ವೇಗಳೂ ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿವೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುವುದರಿಂದ ವಿಮಾನಗಳು ಸಾಮಾನ್ಯವಾಗಿ ಪೂರ್ವದಿಂದ ಬಂದು ಇಳಿಯುತ್ತವೆ. ಪಶ್ಚಿಮಕ್ಕೆ ಮುಖ ಮಾಡಿ ಏರುತ್ತವೆ. ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಗೆ ತಿರುಗಿದಾಗ ಈ ಕ್ರಮವೂ ತಿರುಗುತ್ತದೆ. ಒಂದೇ ಊರಿನಲ್ಲಿ ಕೆಲವು ತಿಂಗಳು ಸದ್ದು ಹೆಚ್ಚೆನಿಸಿ ಕೆಲವು ತಿಂಗಳು ಕಡಿಮೆಯೆನಿಸುವುದಕ್ಕೆ ಇದೇ ಕಾರಣ.

ಇಳಿಯುವ ವಿಮಾನವು ಸುಮಾರು 3 ಡಿಗ್ರಿಯ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ರನ್‌ವೇಯಿಂದ 4 ಕಿಲೋಮೀಟರ್ ದೂರದಲ್ಲಿರುವ ಹಳ್ಳಿಯ ಮೇಲೆ ಅದು ಸುಮಾರು 200 ಮೀಟರ್ ಎತ್ತರದಲ್ಲಿ ಮಾತ್ರ ಹಾದುಹೋಗುತ್ತದೆ. ದೂರದೇಶಗಳಿಗೆ ಹೋಗಿಬರುವ ಅನೇಕ ವಿಮಾನಗಳಿಗೆ ನಡುರಾತ್ರಿ ಕಳೆದ ಮೇಲೆಯೇ ವೇಳೆ ಗೊತ್ತಾಗಿರುತ್ತದೆ. ನಗರದವರು ಪ್ರಯಾಣ ಹೊರಡುವ ಆ ಹೊತ್ತು, ಬೆಳಗ್ಗೆ 5 ಗಂಟೆಗೆ ಎದ್ದು ಹಾಲು ಕರೆಯಬೇಕಾದ ನಿಮಗೆ ಗಾಢನಿದ್ರೆಯ ಹೊತ್ತು.

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಪಿಸುಮಾತು ಸುಮಾರು 30 ಡೆಸಿಬೆಲ್. ಸಾಧಾರಣ ಮಾತುಕತೆ ಸುಮಾರು 60. ಈ ಮಾನದಲ್ಲಿ 10 ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಎರಡರಷ್ಟಾದಂತೆ ಕೇಳಿಸುತ್ತದೆ ಎಂಬುದನ್ನು ನೆನಪಿನಲ್ಲಿಡಿ.

"ನಮಗೆ ಅಭ್ಯಾಸವಾಗಿಬಿಟ್ಟಿದೆ"

ಸದ್ದಿನ ವಿಷಯ ಎತ್ತಿದರೆ ಹಿರಿಯರು ಹೇಳುವ ಮಾತು ಇದು. ಇದು ಅರ್ಧ ನಿಜ. ಮನಸ್ಸಿಗೆ ಅಭ್ಯಾಸವಾಗುತ್ತದೆ, ದೇಹಕ್ಕೆ ಆಗುವುದಿಲ್ಲ. ಕಾಡಿನಲ್ಲಿ ಬದುಕಿದ ಕಾಲದಿಂದಲೂ ಮನುಷ್ಯನ ದೇಹ ಹಠಾತ್ತಾದ ಸದ್ದನ್ನು ಅಪಾಯದ ಸೂಚನೆಯೆಂದೇ ತಿಳಿಯುತ್ತ ಬಂದಿದೆ. ನೀವು ಎಚ್ಚರಗೊಳ್ಳದಿದ್ದರೂ ಮೆದುಳು ಸದ್ದನ್ನು ಗ್ರಹಿಸುತ್ತದೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಹೆಚ್ಚುತ್ತದೆ. ವಿಮಾನ ದಾಟಿಹೋದ ಮೇಲೆ ಎಲ್ಲವೂ ಇಳಿಯುತ್ತದೆ. ಅಷ್ಟರಲ್ಲಿ ಮತ್ತೊಂದು ವಿಮಾನ ಬರುತ್ತದೆ. ಹೀಗೆ ವರ್ಷಗಟ್ಟಲೆ ನಡೆದರೆ ಏರಿದ ಒತ್ತಡ ಇಳಿಯದೆ ನಿಲ್ಲುವ ಸಂಭವವುಂಟು.

ಇದು ಬರಿಯ ಊಹೆಯಲ್ಲ. ದೇವನಹಳ್ಳಿಯ ನಿಲ್ದಾಣ ಆರಂಭವಾದ 2008ರಲ್ಲಿಯೇ ಯೂರೋಪಿನ ವಿಜ್ಞಾನಿಗಳು ಲಂಡನ್, ಅಥೆನ್ಸ್, ಮಿಲಾನ್ ಮೊದಲಾದ ಆರು ವಿಮಾನ ನಿಲ್ದಾಣಗಳ ನೆರೆಯಲ್ಲಿ ವಾಸಿಸುವ ಸುಮಾರು 4,800 ಜನರ ಅಧ್ಯಯನವನ್ನು ಪ್ರಕಟಿಸಿದರು. ರಾತ್ರಿಯ ವಿಮಾನದ ಸದ್ದು 10 ಡೆಸಿಬೆಲ್ ಹೆಚ್ಚಾದಂತೆ ಅಧಿಕ ರಕ್ತದೊತ್ತಡದ ಸಂಭವವು ಸುಮಾರು ಶೇಕಡಾ 14ರಷ್ಟು ಹೆಚ್ಚಿತ್ತು. ಅದೇ ಸಂಶೋಧಕರು ಮಲಗಿದವರ ರಕ್ತದೊತ್ತಡವನ್ನು ರಾತ್ರಿಯಿಡೀ ಅಳೆದಾಗ, ನಿದ್ರೆ ಕೆಡದವರಲ್ಲಿಯೂ ಸದ್ದಿನೊಡನೆ ಒತ್ತಡ ಏರುವುದು ಕಂಡುಬಂದಿತು.

ಅಧಿಕ ರಕ್ತದೊತ್ತಡಕ್ಕೆ ನೋವಿಲ್ಲ, ಜ್ವರವಿಲ್ಲ. ಅದನ್ನು ಅಳೆದೇ ತಿಳಿಯಬೇಕು. ಆದುದರಿಂದ 30 ವರ್ಷ ದಾಟಿದ ದಂಪತಿಗಳು ಇಬ್ಬರೂ ವರ್ಷಕ್ಕೊಮ್ಮೆಯಾದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಬೇಕು. ಮತ್ತೆ ಮತ್ತೆ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರು ಹೇಳಿದಂತೆ ನಡೆಯಬೇಕು. "ಸದ್ದಿನಿಂದ ಬಂದುದು, ತಾನೇ ಹೋಗುತ್ತದೆ" ಎಂದು ಔಷಧಿ ಬಿಡಬಾರದು. ಉಪ್ಪು ಕಡಿಮೆ ಮಾಡಿ; ಬೀಡಿ ಸಿಗರೇಟು ಬಿಡಿ. ನಿದ್ರೆ ಬರಲೆಂದು ಮದ್ಯ ಕುಡಿಯುವುದೂ, ವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆ ನುಂಗುವುದೂ ಕೆರೆಯಿಂದ ಬಾವಿಗೆ ಬಿದ್ದಂತೆ.

ಗರ್ಭಿಣಿ ಮತ್ತು ಬಾಣಂತಿ

ಗರ್ಭಿಣಿಗೆ ರಾತ್ರಿ 8 ಗಂಟೆ ನಿದ್ರೆ, ಹಗಲು 2 ಗಂಟೆ ವಿಶ್ರಾಂತಿ ಅವಶ್ಯಕ. ರಾತ್ರಿಯ ನಿದ್ರೆ ಸದ್ದಿನಿಂದ ಕೆಟ್ಟಿದ್ದರೆ ಹಗಲಿನ ವಿಶ್ರಾಂತಿಯನ್ನಂತೂ ತಪ್ಪಿಸಲೇಬಾರದು. ಇದು ಆಕೆಯೊಬ್ಬಳ ಕೈಯಲ್ಲಿರುವ ಮಾತಲ್ಲ. ನೀರು ತರುವುದು, ದನಕ್ಕೆ ಮೇವು ಹಾಕುವುದು ಮುಂತಾದ ಕೆಲಸಗಳನ್ನು ಪತಿ ಮತ್ತು ಮನೆಮಂದಿ ಹಂಚಿಕೊಂಡರೆ ಮಾತ್ರ ಆಕೆಗೆ ಆ 2 ಗಂಟೆ ದೊರೆಯುತ್ತದೆ.

ಗರ್ಭಿಣಿಯಾದವಳು ಕನಿಷ್ಠ ನಾಲ್ಕು ಬಾರಿ ತಪಾಸಣೆ ಮಾಡಿಸಿಕೊಳ್ಳಬೇಕು. ಪ್ರತಿ ಬಾರಿಯೂ ರಕ್ತದೊತ್ತಡವನ್ನು ಅಳೆದು ತಾಯಿ ಕಾರ್ಡಿನಲ್ಲಿ ಬರೆಸಿರೆಂದು ಕೇಳಿ ಪಡೆಯಿರಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದಿಕೊಳ್ಳುವುದು ಕಂಡುಬಂದರೆ ಅದನ್ನು ನಿದ್ರೆಗೆಟ್ಟ ತಲೆನೋವೆಂದು ತಿಳಿದು ಸುಮ್ಮನಿರಬಾರದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಸದ್ದು ಕೇಳಿದ ಮಾತ್ರಕ್ಕೆ ಹುಟ್ಟುವ ಮಗು ಕಿವುಡಾಗುತ್ತದೆಂಬ ಭಯವನ್ನು ಯಾರೂ ಬಿತ್ತುವುದು ಬೇಡ. ಆದರೆ ಕರೆದರೆ ತಿರುಗಿ ನೋಡದ, ಒಂದು ವರ್ಷವಾದರೂ ತೊದಲು ನುಡಿಯದ ಮಗುವನ್ನು "ವಿಮಾನದ ಸದ್ದಿಗೆ ಹೀಗಾಗಿರಬೇಕು" ಎಂದು ಬಿಡದೆ ಆಶಾ ಕಾರ್ಯಕರ್ತೆಯ ಮೂಲಕ ಪರೀಕ್ಷೆಗೆ ಕಳುಹಿಸಿರಿ.

ಓದುವ ಮಕ್ಕಳು

ಪಾಠ ಹೇಳುತ್ತಿರುವ ಉಪಾಧ್ಯಾಯರು ವಿಮಾನ ಹಾದುಹೋಗುವವರೆಗೆ ಮಾತು ನಿಲ್ಲಿಸುತ್ತಾರೆ. ಮತ್ತೆ ಆರಂಭಿಸುವ ವೇಳೆಗೆ ಮಗುವಿನ ಗಮನ ಬೇರೆಲ್ಲಿಯೋ ಇರುತ್ತದೆ. ಇದರ ಪರಿಣಾಮವನ್ನು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸ್ಪಷ್ಟವಾಗಿ ಕಾಣಲಾಯಿತು. ಅಲ್ಲಿ 1992ರಲ್ಲಿ ಹಳೆಯ ವಿಮಾನ ನಿಲ್ದಾಣವನ್ನು ಮುಚ್ಚಿ, ಬೇರೆಡೆ ಹೊಸದನ್ನು ತೆರೆದರು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಮೊದಲೂ ಅನಂತರವೂ ಪರೀಕ್ಷಿಸಿದರು. ಹಳೆಯ ನಿಲ್ದಾಣದ ಬಳಿಯ ಮಕ್ಕಳು ಓದಿನಲ್ಲಿಯೂ ಜ್ಞಾಪಕಶಕ್ತಿಯಲ್ಲಿಯೂ ಹಿಂದಿದ್ದರು. ಸದ್ದು ನಿಂತ ಮೇಲೆ ಅವರು ಚೇತರಿಸಿಕೊಂಡರು. ಹೊಸ ನಿಲ್ದಾಣದ ಬಳಿಯ ಮಕ್ಕಳಲ್ಲಿ ಆ ಕೊರತೆ ಕಾಣತೊಡಗಿತು.

ಬೆಂಗಳೂರಿನಲ್ಲಿಯೂ 2008ರಲ್ಲಿ ಹಾಗೆಯೇ ಪ್ರಯಾಣಿಕ ವಿಮಾನಗಳು ಹಳೆಯ ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಗೆ ಬಂದವು. ಮ್ಯೂನಿಕ್‌ನ ಪಾಠದಲ್ಲಿ ಎಚ್ಚರಿಕೆಯಿದೆ, ಭರವಸೆಯೂ ಇದೆ. ಸದ್ದು ಕಡಿಮೆಯಾದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಮನೆಯಲ್ಲಿ ನೀವು ಮಾಡಬಹುದಾದುದು ಇಷ್ಟು: ಮಗು ಓದುವಾಗ ಟಿ.ವಿ. ಮತ್ತು ಮೊಬೈಲಿನ ಸದ್ದನ್ನು ನಿಲ್ಲಿಸಿ. ಹೊರಗಿನ ಸದ್ದಿನ ಮೇಲೆ ಒಳಗಿನ ಸದ್ದನ್ನು ಪೇರಿಸಬೇಡಿ. ಗಟ್ಟಿಯಾಗಿ ಓದಿಸಿ ಕೇಳಿ; ತಾಯಿ ತಂದೆ ಮಗುವಿನೊಡನೆ ಹೆಚ್ಚು ಮಾತನಾಡಿ.

ಮನೆಯಲ್ಲಿ ಮಾಡಬಹುದಾದ ಏರ್ಪಾಡು

ಸದ್ದು ನೀರಿನಂತೆ, ಸಂದು ಕಂಡಲ್ಲಿ ಒಳನುಗ್ಗುತ್ತದೆ. ಮನೆಯ ದಪ್ಪನೆಯ ಮಣ್ಣಿನ ಗೋಡೆ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ವಿಮಾನದ ಸದ್ದು ಮೇಲಿನಿಂದ ಬರುವುದರಿಂದ ಮಾಡೇ ಮನೆಯ ದುರ್ಬಲ ಭಾಗ. ತಗಡಿನ ಶೀಟು ಸದ್ದನ್ನು ಸುಲಭವಾಗಿ ಒಳಬಿಡುತ್ತದೆ, ತಾನೂ ನಡುಗುತ್ತದೆ. ಮನೆಯಲ್ಲಿ ಆರ್.ಸಿ.ಸಿ. ತಾರಸಿಯ ಒಂದೇ ಕೋಣೆಯಿದ್ದರೂ ಮಕ್ಕಳನ್ನೂ ಗರ್ಭಿಣಿಯನ್ನೂ ಅಲ್ಲಿ ಮಲಗಿಸಿ. ಹೆಂಚಿನ ಮನೆಯಾದರೆ ಅಟ್ಟದ ಕೆಳಗಿನ ಕೋಣೆ ಮೇಲು. ಬಾಗಿಲು ಕಿಟಕಿಗಳ ಸಂದುಗಳನ್ನು ರಬ್ಬರ್ ಪಟ್ಟಿಯಿಂದ ಬಿಗಿಗೊಳಿಸಿ. ಬಟ್ಟೆಯ ಪರದೆ ಸ್ವಲ್ಪವೇ ಉಪಯುಕ್ತ. ಮರಗಳ ಸಾಲು ನೆರಳಿಗೂ ಗಾಳಿಗೂ ಒಳ್ಳೆಯದು. ಆದರೆ ಆಕಾಶದಿಂದ ಬರುವ ಸದ್ದನ್ನು ಅದು ತಡೆಯಲಾರದು.

ಒಂದು ಎಚ್ಚರಿಕೆ: ಎಲ್ಲ ಕಿಟಕಿಗಳನ್ನೂ ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆಯನ್ನಾಗಲಿ, ಸೊಳ್ಳೆಬತ್ತಿಯನ್ನಾಗಲಿ ಹಚ್ಚಿಟ್ಟು ಮಲಗಬಾರದು. ಸದ್ದಿಗೆ ಹೆದರಿ ಉಸಿರಿಗೆ ಅಪಾಯ ತಂದುಕೊಳ್ಳಬಾರದು. ವಿಮಾನದ ದಾರಿಗೆ ಬೆನ್ನು ಹಾಕಿದ ಕಡೆಯ ಕಿಟಕಿಯನ್ನು ತೆರೆದಿಡಿ.

ಔಷಧಿ ಅಂಗಡಿಗಳಲ್ಲಿ ದೊರೆಯುವ ಮೆದುವಾದ ಇಯರ್ ಪ್ಲಗ್ ವಯಸ್ಕರಿಗೆ ಅನುಕೂಲ. ಬರಿಯ ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಮಕ್ಕಳ ಕಿವಿಗೆ ಏನನ್ನೂ ತುರುಕಬಾರದು. ಹಸುಗೂಸಿರುವ ಮನೆಯಲ್ಲಿ ತಾಯಿ ತಂದೆ ಸರದಿಯಂತೆ ಬಳಸಬೇಕು. ಒಂದು ರಾತ್ರಿ ಒಬ್ಬರು ನಿದ್ರಿಸಿದರೆ ಇನ್ನೊಬ್ಬರು ಮಗುವಿನ ಅಳುವಿಗೆ ಕಿವಿಗೊಡಬೇಕು. ನಿಲ್ದಾಣದೊಳಗೆ ವಿಮಾನಗಳ ಬಳಿ ದುಡಿಯುವವರು ಕಿವಿಯ ರಕ್ಷಣೆಯ ಸಾಧನವನ್ನು ತಪ್ಪದೆ ಧರಿಸಬೇಕು. ದಿನಕ್ಕೆ 8 ಗಂಟೆ 85 ಡೆಸಿಬೆಲ್ಲಿಗೆ ಮೀರಿದ ಸದ್ದು ಶ್ರವಣಶಕ್ತಿಯನ್ನೇ ಕುಂದಿಸಬಲ್ಲದು.

ಸದ್ದು ತಂದ ಜಗಳ

ನಿದ್ರೆಗೆಟ್ಟವರ ಮಾತು ಒರಟಾಗುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತೆಂದು, ಮಗು ಅತ್ತಿತೆಂದು ಕೂಗಾಟವಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದ ಪತಿ ಹಗಲು ಮಲಗಬೇಕು. ಮನೆಯಲ್ಲಿ ದುಡಿದ ಪತ್ನಿ ರಾತ್ರಿ ಮಲಗಬೇಕು. ಎರಡು ವೇಳೆಯಲ್ಲಿಯೂ ವಿಮಾನ ಹಾರುತ್ತದೆ. ಆಗ ತಪ್ಪು ಎದುರಿಗಿರುವವರದೆಂದು ತೋರುತ್ತದೆ. ಕೋಪ ಬಂದಾಗ "ನಿನ್ನೆ ನಾವಿಬ್ಬರೂ ಎಷ್ಟು ಹೊತ್ತು ಮಲಗಿದೆವು?" ಎಂದು ಒಮ್ಮೆ ಕೇಳಿಕೊಳ್ಳಿ. ಅನೇಕ ವೇಳೆ ಜಗಳದ ಬೇರು ಅಲ್ಲಿಯೇ ಸಿಗುತ್ತದೆ.

ಊರು ಕೂಡಿ ಮಾಡಬೇಕಾದುದು

ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸಸ್ಥಳದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ದಟ್ಟ ಸಂಚಾರವಿರುವ ವಿಮಾನ ನಿಲ್ದಾಣದ ಶಬ್ದವಲಯಕ್ಕೆ 2018ರಲ್ಲಿ ಬೇರೆ ಮಿತಿಯನ್ನು ಗೊತ್ತುಪಡಿಸಲಾಯಿತು: ಹಗಲು 70, ರಾತ್ರಿ 65. ಅದೇ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಯೂರೋಪಿನ ದೇಶಗಳಿಗೆ ಸಲಹೆ ನೀಡುತ್ತ, ರಾತ್ರಿಯ ವಿಮಾನದ ಸದ್ದು 40 ಡೆಸಿಬೆಲ್ ಮೀರದಿರುವುದು ಲೇಸೆಂದು ಹೇಳಿತು. ನಿಯಮಕ್ಕೆ ಒಪ್ಪಿದ ಸದ್ದೆಲ್ಲವೂ ದೇಹಕ್ಕೆ ಒಪ್ಪಿದ ಸದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆದುದರಿಂದ ಕೇಳುವುದು ತಪ್ಪಲ್ಲ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 1995ರ ಕಾಯಿದೆಯಂತೆ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ವಿಮಾನ ಸಂಚಾರಕ್ಕೆ ಕಟ್ಟುಪಾಡು ಇದೆ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 2011ರಿಂದ ರಾತ್ರಿ 11ರಿಂದ 5ರವರೆಗೆ ವಿಮಾನಗಳ ವೇಳಾಪಟ್ಟಿಗೆ ತಡೆ ಇದೆ. ನೆರೆಯವರು ದೀರ್ಘಕಾಲ ಕೇಳಿದ್ದರಿಂದಲೇ ಇಂತಹ ಏರ್ಪಾಡುಗಳು ಬಂದುವು.

ಹದಿನೈದು ದಿನ ಒಂದು ಪುಸ್ತಕದಲ್ಲಿ ದಿನಾಂಕ, ವೇಳೆ, ವಿಮಾನ ಬಂದ ದಿಕ್ಕು, ಯಾರಿಗೆ ಎಚ್ಚರವಾಯಿತು ಎಂಬುದನ್ನು ಬರೆದಿಡಿ. ಹತ್ತು ಮನೆಗಳವರು ಹೀಗೆ ಬರೆದರೆ ಅದು ದೂರಲ್ಲ, ದಾಖಲೆಯಾಗುತ್ತದೆ. ಅದನ್ನು ಗ್ರಾಮಸಭೆಯಲ್ಲಿಟ್ಟು, ಪಂಚಾಯತಿಯ ಮೂಲಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ನಿಲ್ದಾಣದ ಆಡಳಿತಕ್ಕೂ ಕಳುಹಿಸಿರಿ. ಶಾಲೆ, ಅಂಗನವಾಡಿ ಮತ್ತು ಆರೋಗ್ಯ ಕೇಂದ್ರಗಳಿಗೆ ಸದ್ದು ತಡೆಯುವ ಕಿಟಕಿ ಹಾಗೂ ಮಾಡು ಬೇಕೆಂದು ಮೊದಲು ಕೇಳಿರಿ. ಹೊಸ ಮನೆ ಕಟ್ಟುವವರೂ ನಿವೇಶನ ಕೊಳ್ಳುವವರೂ ವಿಮಾನದ ದಾರಿಯನ್ನು ಮುಂಗಾರಿನಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ನಿಂತು ನೋಡಿ ತೀರ್ಮಾನಿಸಿರಿ.

ವಿಮಾನಗಳು ನಾಳೆಯೇ ನಿಲ್ಲುವುದಿಲ್ಲ. ಆದರೆ ಮಗುವಿನ ನಿದ್ರೆ, ಗರ್ಭಿಣಿಯ ವಿಶ್ರಾಂತಿ, ನಿಮ್ಮಿಬ್ಬರ ರಕ್ತದೊತ್ತಡ ಇವುಗಳ ಕಾಳಜಿಯನ್ನು ನಾಳೆಗೆ ಬಿಡುವಂತಿಲ್ಲ. ಅದನ್ನು ಈ ರಾತ್ರಿಯಿಂದಲೇ ಆರಂಭಿಸಿರಿ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಅತ್ಯಂತ ನಿಶ್ಶಬ್ದವಾದ ಕೋಣೆ ಯಾವುದು? ಅಲ್ಲಿ ಈಗ ಯಾರು ಮಲಗುತ್ತಿದ್ದಾರೆ?

2. ನಾವಿಬ್ಬರೂ ರಕ್ತದೊತ್ತಡವನ್ನು ಕಡೆಯ ಬಾರಿ ಅಳೆಯಿಸಿಕೊಂಡುದು ಯಾವಾಗ?

3. ರಾತ್ರಿ ಮಗು ಎಚ್ಚರವಾದಾಗ ಏಳುವ ಸರದಿಯನ್ನು ಹೇಗೆ ಹಂಚಿಕೊಳ್ಳುವುದು?

4. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತುವವರು ಯಾರು?